ಇಪ್ಪತ್ತೈದು ಮನೆಗೆ, ಐದು ಕೈಗೆ

ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಹುಡುಗನ ಕೈಗೆ ಸಿಗುತ್ತಿದ್ದದ್ದು ಐದು. ಊಟ, ಬಟ್ಟೆ, ಹಾಸಿಗೆ, ಔಷಧಿಯ ಖರ್ಚೆಲ್ಲ ಶಿಬಿರದ್ದು. ಐದು ಡಾಲರಿನಲ್ಲಿ ಸಿಗರೇಟು, ವಾರದ ಕೊನೆಗೊಂದು ಸಿನಿಮಾ, ಊರಿಗೆ ಕಾಗದ ಹಾಕಲು ಅಂಚೆಚೀಟಿ ಇಷ್ಟೆಲ್ಲ ಆಗಬೇಕು.

ಅಮೆರಿಕದ ಕಾಡುಗಳಲ್ಲಿ 1933ರಿಂದ 1942ರವರೆಗೆ ದುಡಿದ ಸುಮಾರು 30 ಲಕ್ಷ ಯುವಕರ ಲೆಕ್ಕ ಇದು. ಅವರ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಅವರು ನೆಟ್ಟ ಕೋಟಿಗಟ್ಟಲೆ ಗಿಡಗಳ ಕಡೆಗೆ ಹೋಗುವ ಮೊದಲು ಈ 25 ಡಾಲರ್ ತಲುಪುತ್ತಿದ್ದ ಮನೆಗಳ ಕಡೆಗೆ ಹೋಗುತ್ತದೆ. ಅಪ್ಪನಿಗೆ ಕೆಲಸ ಹೋಗಿ ಎರಡು ವರ್ಷವಾಗಿರುತ್ತದೆ, ಬಾಡಿಗೆ ಬಾಕಿ ಬೆಳೆದಿರುತ್ತದೆ. ಅಂಥ ಹೊತ್ತಿಗೆ ಹದಿನೆಂಟು ವರ್ಷದ ಮಗನ ದುಡಿಮೆ ತಿಂಗಳು ತಿಂಗಳು ಬಾಗಿಲಿಗೆ ಬರುತ್ತದೆ. ಆ ಮಗ ಸಾವಿರಾರು ಮೈಲಿ ದೂರದ ಯಾವುದೋ ಬೆಟ್ಟದಲ್ಲಿ ಕಲ್ಲು ಹೊರುತ್ತಿದ್ದಾನೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡದ್ದು 1933ರ ಮಾರ್ಚ್ 4ರಂದು. ಆಗ ಆ ದೇಶದಲ್ಲಿ ದುಡಿಮೆ ಬೇಕಿದ್ದ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕಿದ್ದವು. ಮನೆಯಲ್ಲಿ ಉಣ್ಣುವ ಬಾಯಿ ಒಂದಾದರೂ ಕಡಿಮೆಯಾಗಲಿ ಎಂದು ಮೀಸೆ ಮೂಡದ ಹುಡುಗರು ಗೂಡ್ಸ್ ರೈಲು ಹತ್ತಿ ಊರೂರು ಅಲೆಯುತ್ತಿದ್ದರು. ಇನ್ನೊಂದು ಕಡೆ, ದಶಕಗಳ ಕಾಲ ಲಂಗುಲಗಾಮಿಲ್ಲದೆ ಮರ ಕಡಿದು ಬೋಳಾದ ಗುಡ್ಡಗಳು, ಮಳೆಗೆ ಕೊಚ್ಚಿಹೋಗುತ್ತಿದ್ದ ಮಣ್ಣು. ಕೆಲಸವಿಲ್ಲದ ಕೈಗಳನ್ನೂ ಆರೈಕೆಯಿಲ್ಲದ ಕಾಡನ್ನೂ ಒಂದೇ ಕಾನೂನು ಕೂಡಿಸಿತು. ಅದಕ್ಕೆ ಸಹಿ ಬಿದ್ದದ್ದು ಅದೇ ಮಾರ್ಚ್ 31ರಂದು. ಏಪ್ರಿಲ್ 7ಕ್ಕೆ ಮೊದಲ ಹುಡುಗನ ಹೆಸರು ದಾಖಲಾಯಿತು, 17ಕ್ಕೆ ವರ್ಜೀನಿಯಾದ ಲೂರೇ ಪಟ್ಟಣದ ಹತ್ತಿರ ಮೊದಲ ಶಿಬಿರ ಎದ್ದಿತು. ಜುಲೈ ಬರುವಷ್ಟರಲ್ಲಿ ಸುಮಾರು 1,300 ಶಿಬಿರಗಳಲ್ಲಿ 2,75,000 ಮಂದಿ ಇದ್ದರು. ಹೆಸರು ಸಿವಿಲಿಯನ್ ಕನ್ಸರ್ವೇಶನ್ ಕೋರ್. ಜನರ ಬಾಯಲ್ಲಿ ಬರೀ ಸಿಸಿಸಿ.

ಕಾರ್ಮಿಕ ಇಲಾಖೆ ಹುಡುಗರನ್ನು ಆರಿಸುತ್ತಿತ್ತು. ಸೈನ್ಯ ಅವರಿಗೆ ಅನ್ನ ಹಾಕಿ ಡೇರೆ ಹೊಡೆದುಕೊಡುತ್ತಿತ್ತು. ಅರಣ್ಯ ಇಲಾಖೆ ಮತ್ತು ಪಾರ್ಕುಗಳ ಇಲಾಖೆ ಹಗಲಿನ ಕೆಲಸ ಮಾಡಿಸುತ್ತಿದ್ದವು. ದಿನಕ್ಕೆ ಒಂದು ಡಾಲರ್ ಕೂಲಿ ಎಂದರೆ ದೇಶದ ಕೂಲಿಯ ಮಟ್ಟವೇ ಕುಸಿದೀತು ಎಂದು ಕಾರ್ಮಿಕ ಸಂಘಗಳು ಆಕ್ಷೇಪ ಎತ್ತಿದವು. ಅವರ ಅಳುಕು ಸುಳ್ಳೇನಲ್ಲ. ರೂಸ್‌ವೆಲ್ಟ್ ಮಷಿನಿಸ್ಟರ ಸಂಘದ ನಾಯಕ ರಾಬರ್ಟ್ ಫೆಕ್ನರ್ ಅವರನ್ನೇ ಯೋಜನೆಯ ನಿರ್ದೇಶಕರನ್ನಾಗಿ ಮಾಡಿದರು.

ಬರಗಾಲದಲ್ಲಿ, ಕಷ್ಟಕಾಲದಲ್ಲಿ ಸರ್ಕಾರ ಜನರಿಗೆ ಕೆಲಸ ಕೊಡುವುದು ಹೊಸದಲ್ಲ. ಆದರೆ ಅಂಥ ಕಡೆ ಕೂಲಿಯೇ ಮುಖ್ಯವಾಗಿ, ಕೆಲಸ ಅದಕ್ಕೊಂದು ನೆಪವಾಗಿಬಿಡುತ್ತದೆ. ಒಂದು ಕಡೆಯ ಮಣ್ಣನ್ನು ಅಗೆದು ಇನ್ನೊಂದು ಕಡೆ ಹಾಕಿದರೆ ಹಾಜರಿ ಪುಸ್ತಕ ತುಂಬುತ್ತದೆ. ಹಾಕಿದವನಿಗೂ ಗೊತ್ತು, ಹಾಕಿಸಿದವನಿಗೂ ಗೊತ್ತು, ಮುಂದಿನ ಮಳೆಗೆ ಅದು ಇರುವುದಿಲ್ಲ ಎಂದು. ಹೊಟ್ಟೆ ತುಂಬಿದರೂ ಮನುಷ್ಯ ಒಳಗೆ ಸ್ವಲ್ಪ ಕುಗ್ಗುತ್ತಾನೆ. ಸಿಸಿಸಿ ಕಟ್ಟಿದ ಕಟ್ಟಡಗಳು ನನ್ನನ್ನು ಹಿಡಿದು ನಿಲ್ಲಿಸುವುದು ಈ ಕಾರಣಕ್ಕೆ. ಹಸಿವಿನಿಂದ ಬಂದ, ಕಸುಬು ಗೊತ್ತಿಲ್ಲದ ಹುಡುಗರ ಕೈಗೆ ಅಲ್ಲಿ ಕೊಟ್ಟದ್ದು ನೂರು ವರ್ಷ ನಿಲ್ಲಬೇಕಾದ ಕೆಲಸ. ಅದನ್ನು ಚೆನ್ನಾಗಿ ಮಾಡಲು ಬೇಕಾದ ಸಮಯವನ್ನೂ ಕೊಟ್ಟರು.

ಯಾರು ಕಲಿಸಿದರು? ಪ್ರತಿ ಶಿಬಿರಕ್ಕೂ ಸುತ್ತಮುತ್ತಲ ಊರುಗಳಿಂದ ಕೆಲವರು ಅನುಭವಸ್ಥರನ್ನು ಸಂಬಳ ಕೊಟ್ಟು ಕರೆದುಕೊಳ್ಳುತ್ತಿದ್ದರು. ಅವರೂ ಕೆಲಸ ಕಳೆದುಕೊಂಡವರೇ. ಬಡಗಿಗಳು, ಕಲ್ಲುಕುಟಿಗರು, ಮರ ಬೀಳಿಸುವವರು, ಕಮ್ಮಾರರು. ಆಯಾ ಸೀಮೆಯ ಕಲ್ಲು ಎಲ್ಲಿ ಸೀಳುತ್ತದೆ, ಯಾವ ಮರ ನೀರಿಗೆ ತಡೆಯುತ್ತದೆ ಎಂಬುದು ಅವರಿಗೆ ಗೊತ್ತು. ನಗರದ ಗಲ್ಲಿಯಲ್ಲಿ ಬೆಳೆದು ಕೊಡಲಿ ಮುಟ್ಟದ ಹುಡುಗ ಅಂಥವರ ಪಕ್ಕದಲ್ಲಿ ನಿಂತು ಉಳಿ ಹಿಡಿಯುವುದನ್ನು ಕಲಿತ. ರಾತ್ರಿ ಶಿಬಿರದಲ್ಲಿ ಪಾಠ ನಡೆಯುತ್ತಿತ್ತು. ಹತ್ತಿರಹತ್ತಿರ 40,000 ಮಂದಿ ಓದು ಬರಹ ಕಲಿತದ್ದು ಅಲ್ಲಿಯೇ.

ಕಟ್ಟಡ ಹೇಗಿರಬೇಕು ಎಂಬ ಬಗ್ಗೆ ಪಾರ್ಕುಗಳ ಇಲಾಖೆಗೆ ಸ್ಪಷ್ಟ ಮನಸ್ಸಿತ್ತು. ಒಹಾಯೋದ ವಾಸ್ತುಶಿಲ್ಪಿ ಆಲ್ಬರ್ಟ್ ಗುಡ್ ಇಲಾಖೆಗಾಗಿ ಸಿದ್ಧಪಡಿಸಿದ ಪುಸ್ತಕ ಮೊದಲು 1935ರಲ್ಲಿ, ಆಮೇಲೆ 1938ರಲ್ಲಿ ಮೂರು ಸಂಪುಟಗಳಾಗಿ ಬಂತು. ಕುಡಿಯುವ ನೀರಿನ ನಲ್ಲಿ, ಕೈಮರ, ಕಾಲುಸೇತುವೆ, ಒಲೆ, ಬೆಂಚು, ಊಟದ ಮನೆ, ಹೀಗೆ ಕಾಡಿನಲ್ಲಿ ಮನುಷ್ಯನಿಗೆ ಬೇಕಾಗುವ ಸಣ್ಣಪುಟ್ಟ ಕಟ್ಟಣೆಗಳ ಫೋಟೋ ಮತ್ತು ನಕ್ಷೆ ಅದರಲ್ಲಿವೆ. ಒಂದು ನಲ್ಲಿಕಟ್ಟೆಯ ಅಂದಚಂದವನ್ನು ಸರ್ಕಾರಿ ಪುಸ್ತಕವೊಂದು ಇಷ್ಟು ಆಸ್ಥೆಯಿಂದ ವಿಚಾರ ಮಾಡಿದ್ದು ಕಂಡರೆ ಸಂತೋಷವಾಗುತ್ತದೆ. ಕಟ್ಟಡ ಆ ಜಾಗದಲ್ಲೇ ಹುಟ್ಟಿದಂತೆ ಕಾಣಬೇಕು. ಅಲ್ಲಿಯ ಕಲ್ಲು, ಅಲ್ಲಿಯ ಮರ. ಕಲ್ಲು ನೆಲದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು. ಸುತ್ತ ದೊಡ್ಡ ಮರ, ದೊಡ್ಡ ಬಂಡೆ ಇರುವ ಕಡೆ ತೊಲೆ ಕಂಬಗಳೂ ದಪ್ಪವಾಗಿರಬೇಕು, ಇಲ್ಲವಾದರೆ ಮನೆ ಆಟಿಕೆಯಂತೆ ಕಾಣುತ್ತದೆ. ಹೀಗೆ ಕಟ್ಟಲು ಯಂತ್ರಕ್ಕಿಂತ ಕೈ ಹೆಚ್ಚು ಬೇಕು. ಆ ಕಾಲದಲ್ಲಿ ಹೇರಳವಾಗಿದ್ದದ್ದೂ ಕೈಗಳೇ.

ಮಿನೆಸೋಟಾದ ಇಟಾಸ್ಕಾ ಪಾರ್ಕಿನಲ್ಲಿ ಈ ಹುಡುಗರು ಮೊದಮೊದಲು ಕಟ್ಟಿದ ಮನೆಯೊಂದಿದೆ. ‘ಓಲ್ಡ್ ಟೈಮರ್ಸ್ ಕ್ಯಾಬಿನ್’ ಎಂದು ಹೆಸರು. ಗಾಳಿಗೆ ಉರುಳಿದ್ದ ಪೈನ್ ಮರದ ದಿಮ್ಮಿಗಳನ್ನು ಚಳಿಗಾಲದಲ್ಲಿ ತಂದು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಗೋಡೆ ಎಬ್ಬಿಸಿದ್ದಾರೆ. ಗೋಡೆಗೆ ಬೇಕಾದದ್ದು ನಾಲ್ಕೇ ದಿಮ್ಮಿ. ನಾಲ್ಕು ದಿಮ್ಮಿ ಪೇರಿಸಿದರೆ ಒಂದು ಮನೆಯ ಎತ್ತರವಾಗುವುದಾದರೆ ಆ ಮರಗಳು ನಿಂತಿದ್ದಾಗ ಹೇಗಿದ್ದಿರಬೇಕು! ಕಡಿಯುವವರು ಬರುವ ಮೊದಲು ಆ ಸೀಮೆಯ ಕಾಡು ಎಂಥದಿತ್ತು ಎಂಬುದಕ್ಕೆ ಆ ಗೋಡೆಯೇ ಸಾಕ್ಷಿ.

ಅದೇ ಪಾರ್ಕಿನಲ್ಲಿ ಮಿಸಿಸಿಪ್ಪಿ ಹುಟ್ಟುತ್ತದೆ. ಸರೋವರದಿಂದ ನದಿ ಹೊರಡುವಲ್ಲಿ ಸಾಲು ಬಂಡೆಗಳಿವೆ, ಜನ ಅವುಗಳ ಮೇಲೆ ಕಾಲಿಟ್ಟು ಆ ಮಹಾನದಿಯನ್ನು ನಾಲ್ಕು ಹೆಜ್ಜೆಯಲ್ಲಿ ದಾಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಬಂಡೆಗಳ ಸಾಲು ಸಿಸಿಸಿ ಕಾಲದ ಕೆಲಸ. ಮರ ಕಡಿದವರ ಕಾಲದಲ್ಲಿ ಕೆಟ್ಟುಹೋಗಿದ್ದ ಜೌಗು ಜಾಗವನ್ನು ಬಸಿದು, ನೀರಿಗೆ ಹೊಸ ಪಾತ್ರ ತೋಡಿ, ಕಲ್ಲಿನ ಒಡ್ಡು ಹಾಕಿದ್ದಾರೆ. ನದಿ ಅನಾದಿಯಿಂದ ಹೀಗೇ ಹರಿಯುತ್ತಿತ್ತು ಎಂದು ಬಂದವರಿಗೆ ಅನ್ನಿಸುತ್ತದೆ. ಅಲ್ಲಿ ಕೆಲಸ ಮಾಡಿದವರು ಮನುಷ್ಯರು ಎಂಬುದೇ ತಿಳಿಯುವುದಿಲ್ಲ. ಇದು ಕೆಲಸದ ಹಿರಿಮೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೂ ಅಲ್ಲಿ ಸೊಂಟದ ನೀರಿನಲ್ಲಿ ನಿಂತು ಹಾರೆ ಹಾಕಿದ ಹುಡುಗರ ನೆನಪು ಅದರೊಂದಿಗೇ ಮುಳುಗಿಹೋಯಿತಲ್ಲ ಎಂದು ಸಂಕಟವಾಗುತ್ತದೆ.

ಕಾಡಿನ ನೆತ್ತಿಗಳ ಮೇಲೆ ಅವರು ಎಬ್ಬಿಸಿದ್ದು ಬೆಂಕಿ ಕಾಯುವ ಗೋಪುರಗಳನ್ನು. ಅಂಥವು 3,000ಕ್ಕೂ ಹೆಚ್ಚು. ಪಶ್ಚಿಮದ ಬೆಟ್ಟಗಳಲ್ಲಿ ಅದು ಸಾಮಾನ್ಯವಾಗಿ 14 ಅಡಿ ಉದ್ದ, 14 ಅಡಿ ಅಗಲದ ಒಂದೇ ಕೋಣೆ. ನಾಲ್ಕೂ ಕಡೆ ಗಾಜಿನ ಕಿಟಕಿ. ನಡುವೆ ದುಂಡನೆಯ ನಕ್ಷೆಯ ಮೇಲೆ ತಿರುಗುವ ದಿಕ್ಸೂಚಿಯಂಥ ಒಂದು ಸಲಕರಣೆ, ಅದರ ಕಿಂಡಿಯಲ್ಲಿ ಕಣ್ಣಿಟ್ಟು ಹೊಗೆ ಎದ್ದ ದಿಕ್ಕು ಗುರುತಿಸಿ ಕೆಳಗಿನವರಿಗೆ ಟೆಲಿಫೋನು ಮಾಡಬೇಕು. ಸಿಡಿಲು ಹೊಡೆಯುವಾಗ ಕಾವಲುಗಾರ ಒಂದು ಸಣ್ಣ ಮಣೆಯ ಮೇಲೆ ಕಾಲು ಮೇಲಿಟ್ಟುಕೊಂಡಿರುತ್ತಿದ್ದ. ವಿದ್ಯುತ್ತು ಹರಿಯದಿರಲಿ ಎಂದು ಮಣೆಯ ನಾಲ್ಕು ಕಾಲಿಗೂ ಗಾಜಿನ ಬಿಲ್ಲೆ ಇರುತ್ತಿತ್ತು. ಆ ನೆತ್ತಿಗೆ ರಸ್ತೆಯಿಲ್ಲ. ತೊಲೆ, ಗಾಜು, ಮೊಳೆ ಎಲ್ಲವನ್ನೂ ಹೇಸರಗತ್ತೆಗಳ ಬೆನ್ನ ಮೇಲೋ ಮನುಷ್ಯರ ಹೆಗಲ ಮೇಲೋ ಏರಿಸಬೇಕು.

ಬೆಂಕಿಯ ಮೇಲಿನ ಭಯಕ್ಕೆ ಕಾರಣವಿತ್ತು. 1910ರ ಬೇಸಿಗೆಯಲ್ಲಿ ಐಡಾಹೊ ಮತ್ತು ಮೊಂಟಾನಾಗಳಲ್ಲಿ ಎದ್ದ ಕಾಡ್ಗಿಚ್ಚು ಸುಮಾರು 30 ಲಕ್ಷ ಎಕರೆ ನುಂಗಿತ್ತು. 1935ರಲ್ಲಿ ಅರಣ್ಯ ಇಲಾಖೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿತು: ಎಲ್ಲೇ ಹೊಗೆ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಅದು ಹತೋಟಿಗೆ ಬರಬೇಕು. ಇಂಥ ನಿಯಮ ಮಾಡುವ ಧೈರ್ಯ ಬಂದದ್ದೇ ಸಿಸಿಸಿಯ ಲಕ್ಷಾಂತರ ಹುಡುಗರು ಕಾಡಿನಲ್ಲಿದ್ದರು ಎಂಬ ಕಾರಣಕ್ಕೆ. ಗೋಪುರದಿಂದ ಕರೆ ಬಂದರೆ ಸಲಿಕೆ, ಪಿಕಾಸಿ ಹಿಡಿದು ಅವರೇ ಓಡಬೇಕು. 1937ರ ಆಗಸ್ಟ್ 21ರಂದು ವಯೋಮಿಂಗಿನ ಶೊಶೋನಿ ಕಾಡಿನಲ್ಲಿ ಸಿಡಿಲಿನಿಂದ ಹತ್ತಿದ ಬ್ಲ್ಯಾಕ್‌ವಾಟರ್ ಬೆಂಕಿ ಗಾಳಿ ತಿರುಗಿದ ಕೂಡಲೇ ಮೇಲೆರಗಿತು. ಬೆಂಕಿ ಆರಿಸಲು ಹೋದವರಲ್ಲಿ 15 ಮಂದಿ ಸತ್ತರು, ಬಹುಪಾಲು ಸಿಸಿಸಿ ಹುಡುಗರು. ಅವರ ಸ್ಮಾರಕವನ್ನು ಕಟ್ಟಿದವರೂ ಸಿಸಿಸಿ ಹುಡುಗರೇ. ಸೇತುವೆ, ಒಲೆ, ಮೆಟ್ಟಿಲು ಕಟ್ಟಿ ಪಳಗಿದ ಕೈಗಳು ಆ ಸಲ ಗೆಳೆಯರ ಹೆಸರಿಗೆ ಕಲ್ಲು ಜೋಡಿಸಿದವು.

ಎಲ್ಲ ಬೆಂಕಿಯನ್ನೂ ಆರಿಸಬೇಕೆಂಬ ಆ ಹಟ ಮುಂದೆ ಕಾಡಿಗೇ ಮುಳುವಾಯಿತು. ಆಗೀಗ ಸಣ್ಣ ಬೆಂಕಿ ಸುಟ್ಟು ಹೋಗಬೇಕಾದ ತರಗು, ಪೊದೆ, ಎಳೆಮರಗಳು ದಶಕಗಳ ಕಾಲ ಒತ್ತಾಗಿ ಬೆಳೆದವು. ಇವತ್ತು ಅಲ್ಲಿ ಬೆಂಕಿ ಹತ್ತಿದರೆ ಆರಿಸಲು ಆಗದಂತೆ ಉರಿಯುವುದಕ್ಕೆ ಬಿಸಿಯೇರಿದ ಹವೆಯ ಜೊತೆಗೆ ಇದೂ ಒಂದು ಕಾರಣ. ಬೆಂಕಿ ಹತ್ತಿರ ಬಂತೆಂದರೆ ಹಳೆಯ ಕಾವಲು ಗೋಪುರಗಳಿಗೇ ಬೆಂಕಿ ತಡೆಯುವ ಬೆಳ್ಳಿಬಣ್ಣದ ಹಾಳೆ ಸುತ್ತಿ ಕಾಪಾಡುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಮಣ್ಣು ಹಿಡಿಯಲೆಂದು ಇವರೇ ನೆಟ್ಟ ಕುಡ್ಜು ಬಳ್ಳಿ ಈಗ ಮರ ಮನೆಗಳನ್ನೆಲ್ಲ ಮುಚ್ಚುವಷ್ಟು ಹಬ್ಬಿದೆ. ಈ ತಪ್ಪುಗಳನ್ನು ಹುಡುಗರ ತಲೆಗೆ ಕಟ್ಟಲಾರೆ. ನೆಡು ಎಂದದ್ದನ್ನು ನೆಟ್ಟರು, ಆರಿಸು ಎಂದದ್ದನ್ನು ಆರಿಸಿದರು.

ತಪ್ಪೆಂದು ಆಗಲೇ ಗೊತ್ತಿದ್ದು ಮಾಡಿದ ತಪ್ಪುಗಳ ಮಾತು ಬೇರೆ. ಆಗಿನ ಸಂಸತ್ತಿನ ಏಕೈಕ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟ್, ಜನಾಂಗದ ಹೆಸರಿನಲ್ಲಿ ಭೇದ ಮಾಡಕೂಡದು ಎಂಬ ಮಾತನ್ನು ಕಾನೂನಿನಲ್ಲೇ ಸೇರಿಸಿದ್ದರು. ಹಾಗಿದ್ದರೂ 1935ರಲ್ಲಿ ಫೆಕ್ನರ್ ಕಪ್ಪು ಹುಡುಗರಿಗೆ ಬೇರೆಯೇ ಶಿಬಿರ ಎಂದು ಆದೇಶ ಮಾಡಿದರು. ಅಂಥ ಶಿಬಿರಗಳಲ್ಲಿ ಇದ್ದು ಸುಮಾರು 2 ಲಕ್ಷ ಕಪ್ಪು ಯುವಕರು ಅದೇ ಮರ ನೆಟ್ಟರು, ಅದೇ ಗೋಡೆ ಕಟ್ಟಿದರು. ಹುಡುಗಿಯರಿಗಂತೂ ಸಿಸಿಸಿಯಲ್ಲಿ ಜಾಗವೇ ಇರಲಿಲ್ಲ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಪಟ್ಟು ಹಿಡಿದದ್ದರಿಂದ ನ್ಯೂಯಾರ್ಕಿನ ಬೇರ್ ಮೌಂಟನ್ ಬಳಿ ಕ್ಯಾಂಪ್ ಟೆರಾ ಎಂಬ ಮಹಿಳಾ ಶಿಬಿರ ಶುರುವಾಗಿ, ಮುಂದೆ ಇಂಥ ಇನ್ನಷ್ಟು ಶಿಬಿರಗಳು ಆದವು. ಎಲ್ಲ ಸೇರಿ ಉಪಯೋಗ ಪಡೆದ ಹೆಂಗಸರು 8,500ರಷ್ಟು ಮಾತ್ರ. ಹುಡುಗರಿಗೆ ಸಿಕ್ಕಂಥ ಸಂಬಳ ಅವರಿಗೆ ಸಿಗಲಿಲ್ಲ. ಹಸಿವು ಗಂಡುಹುಡುಗರ ಮನೆಯಲ್ಲಷ್ಟೇ ಇತ್ತೇ?

ವರ್ಜೀನಿಯಾದ ಶೆನಾಂಡೋವಾ ಪಾರ್ಕಿನ ಬೆಟ್ಟದ ರಸ್ತೆಗೆ ಸಿಸಿಸಿ ಕಟ್ಟಿದ ಕಲ್ಲಿನ ತಡೆಗೋಡೆ ನೋಡಲು ಬಹಳ ಚಂದ. ಆ ಪಾರ್ಕಿಗಾಗಿ ತಲೆಮಾರುಗಳಿಂದ ಬೆಟ್ಟದಲ್ಲಿ ಬಾಳಿದ 500ರಷ್ಟು ಕುಟುಂಬಗಳನ್ನು ಎಬ್ಬಿಸಿದರು. ಅವರು ಬಿಟ್ಟುಹೋದ ಮನೆಗಳಲ್ಲಿ ಎಷ್ಟನ್ನೋ ಕೆಡವಿದ್ದು ಇದೇ ಹುಡುಗರು. ಒಬ್ಬ ಬಡವನ ಮನೆಗೆ 25 ಡಾಲರ್ ಹೋಗಲೆಂದು ಇನ್ನೊಬ್ಬ ಬಡವನ ಮನೆಯ ಗೋಡೆ ಬಿತ್ತು. ಆ ತಡೆಗೋಡೆಯ ಕೆಲಸವನ್ನು ಮೆಚ್ಚುವಾಗ ಇದನ್ನು ಮರೆತರೆ ಆ ಮೆಚ್ಚುಗೆ ಅರ್ಧ ಮಾತ್ರ.

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ನಡೆದದ್ದು ದೂರದ ಅಲಾಸ್ಕಾದಲ್ಲಿ. ಅಲ್ಲಿಯ ಟ್ಲಿಂಗಿಟ್ ಮತ್ತು ಹೈಡಾ ಜನ ತಮ್ಮ ಕುಲದ ಕಥೆಗಳನ್ನು ಸೀಡರ್ ಮರದ ಎತ್ತರದ ಕಂಬಗಳಲ್ಲಿ ಕೆತ್ತಿ ನಿಲ್ಲಿಸುತ್ತಿದ್ದವರು. ಕೂಲಿ ಅರಸಿ ಪಟ್ಟಣಗಳಿಗೆ ಹೋದಂತೆ ಹಳ್ಳಿಗಳು ಬರಿದಾದವು, ಕಂಬಗಳು ಮಳೆಗೆ ಸಿಕ್ಕಿ ಕಾಡಿನಲ್ಲಿ ಒರಗಿದವು. ಕೆತ್ತುವ ವಿದ್ಯೆ ಗೊತ್ತಿದ್ದವರು ಮುದುಕರಾಗಿದ್ದರು. 1938ರಲ್ಲಿ ಅರಣ್ಯ ಇಲಾಖೆ ಸಿಸಿಸಿಯ ಹಣದಲ್ಲಿ ಆ ಹಿರಿಯರನ್ನೇ ಕೆಲಸಕ್ಕೆ ಕರೆಯಿತು. ಹುಡುಗರು ಅವರ ಕೈಕೆಳಗೆ ನಿಂತರು. ಮುರಿದ ಕಂಬವನ್ನು ನೆಲಕ್ಕೆ ಮಲಗಿಸಿ, ಪಕ್ಕದಲ್ಲಿ ಹೊಸದಾಗಿ ಕಡಿದ ಸೀಡರ್ ದಿಮ್ಮಿಯನ್ನು ಮಲಗಿಸಿ, ಹಳೆಯದನ್ನು ಅಳೆದಳೆದು ಹೊಸದರಲ್ಲಿ ಕೆತ್ತಿದರು. ಉಳಿ ಬಾಚಿಗಳನ್ನೂ ಹಳೆಯ ಮಾದರಿಯಲ್ಲೇ ಮಾಡಿಕೊಂಡರು. ಬಣ್ಣ ಸರಿಯಾಗಿ ಕೂರಬೇಕಲ್ಲ, ಅದಕ್ಕೆ ಕಪ್ಪೆಚಿಪ್ಪು, ಕಲ್ಲುಹೂವು, ತಾಮ್ರದ ಹರಳು, ಸಾಲ್ಮನ್ ಮೀನಿನ ಮೊಟ್ಟೆ ಇವುಗಳಿಂದ ಹಿಂದಿನವರಂತೆಯೇ ಬಣ್ಣ ಅರೆದು, ಅದಕ್ಕೆ ಹೊಂದುವ ಅಂಗಡಿ ಬಣ್ಣ ಕಲಸಿಕೊಂಡರು. ಕೆಚಿಕನ್ ಪಟ್ಟಣದ ಹತ್ತಿರ ಈಗ ಟೋಟೆಮ್ ಬೈಟ್ ಎಂದು ಕರೆಯುವ ಕಡಲ ದಂಡೆಯಲ್ಲಿ, ಯುದ್ಧ ಬಂದು ಕೆಲಸ ನಿಧಾನವಾಗುವ ಹೊತ್ತಿಗೆ, ಒಂದು ಕುಲಮನೆ ಮತ್ತು 15 ಕಂಬಗಳು ಎದ್ದು ನಿಂತಿದ್ದವು. ಕೂಲಿಗೆಂದು ಬಂದ ಹಣ ಅಜ್ಜನಿಂದ ಮೊಮ್ಮಗನಿಗೆ ಒಂದು ವಿದ್ಯೆಯನ್ನು ದಾಟಿಸಿತು. ಕೊನೆಯ ಕ್ಷಣದಲ್ಲಿ ದಾಟಿಸಿತು.

1942ರ ಜೂನ್ ಕೊನೆಗೆ ಸಂಸತ್ತು ಹಣ ನಿಲ್ಲಿಸಿತು. ಹುಡುಗರು ಆ ಹೊತ್ತಿಗಾಗಲೇ ಸೈನ್ಯಕ್ಕೆ, ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಹೋಗಿದ್ದರು. ಖಾಲಿಯಾದ ಶಿಬಿರಗಳಲ್ಲಿ ಕೆಲವು ಯುದ್ಧಕೈದಿಗಳ ಬಿಡಾರವಾದವು.

ಅವರು ಬಿಟ್ಟುಹೋದ ಕಟ್ಟಡಗಳ ಈಚಿನ ಎರಡು ಸುದ್ದಿ ಹೇಳಬೇಕು. ಟೆಕ್ಸಾಸಿನ ಬ್ಯಾಸ್ಟ್ರಪ್ ಪಾರ್ಕಿನಲ್ಲಿ, ಪೈನ್ ಕಾಡಿನ ನಡುವೆ, ಅವರು ಕಟ್ಟಿದ ಕೆಂಗಲ್ಲಿನ ಕುಟೀರಗಳೂ ಒಂದು ಊಟದ ಮನೆಯೂ ಇವೆ. ಮೇಜು ಕುರ್ಚಿಗಳನ್ನು ಅಲ್ಲಿಯ ಮರಗೆಲಸದ ಶಾಲೆಯಲ್ಲಿ ತಾವೇ ಮಾಡಿ, ರಾಜ್ಯದ ಬೇರೆ ಪಾರ್ಕುಗಳಿಗೂ ಕಳಿಸಿದ್ದರು. 2011ರ ಸೆಪ್ಟೆಂಬರಿನಲ್ಲಿ ಬರದಿಂದ ಒಣಗಿದ್ದ ಆ ಸೀಮೆಗೆ ಬೆಂಕಿ ಬಿದ್ದು ಪಾರ್ಕಿನ ಶೇಕಡಾ 96 ಪಾಲು ಸುಟ್ಟಿತು. ಬೆಂಕಿ ಆರಿಸುವವರು ಕುಟೀರಗಳ ಸುತ್ತ ನಿಂತು ಅವನ್ನು ಉಳಿಸಿಕೊಂಡರು. ಸುತ್ತಲ ಕಾಡು ಹೋಯಿತು, ಆ ಕಾಡಿನ ಮರದಿಂದ ಮಾಡಿದ ಬಾಗಿಲು, ಕುರ್ಚಿಗಳು ಉಳಿದವು. ಆಮೇಲೆ ಸ್ವಯಂಸೇವಕರು ಬಂದು ಪೈನ್ ಸಸಿಗಳನ್ನು ಒಂದೊಂದಾಗಿ ಕೈಯಿಂದ ನೆಟ್ಟರು, ಸಿಸಿಸಿ ಹುಡುಗರು ನೆಟ್ಟಂತೆಯೇ.

ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್‌ನಲ್ಲಿ ಆದದ್ದು ತಿರುಗಾಮುರುಗ. ರೆಡ್‌ವುಡ್ ಮರಗಳ ಆ ಪಾರ್ಕಿನ ಕಚೇರಿಯನ್ನು ಸಿಸಿಸಿ 1936ರಲ್ಲಿ ಕಟ್ಟಿತ್ತು. ದಪ್ಪ ದಿಮ್ಮಿಗಳ ಗೋಡೆ, ಮುಂದೆ ಕಲ್ಲಿನ ಮೆಟ್ಟಿಲು. 2020ರ ಆಗಸ್ಟಿನಲ್ಲಿ ಮಿಂಚಿನಿಂದ ಹತ್ತಿದ ಬೆಂಕಿ ಒಂದೇ ರಾತ್ರಿಯಲ್ಲಿ ಅದನ್ನು ಬೂದಿ ಮಾಡಿತು. ಸುತ್ತಲಿದ್ದ, ಸಾವಿರ ವರ್ಷ ದಾಟಿದ ರೆಡ್‌ವುಡ್‌ಗಳು ಬುಡದಿಂದ ತುದಿಯವರೆಗೆ ಕಪ್ಪಾದವು. ಕೆಲವೇ ತಿಂಗಳಲ್ಲಿ ಅವು ಕರಕಲು ತೊಗಟೆಯನ್ನು ಸೀಳಿಕೊಂಡು ಮೈತುಂಬ ಚಿಗುರಿದವು. ಕೆಳಗೆ ಹುಡುಗರು ಜೋಡಿಸಿದ್ದ ಮೆಟ್ಟಿಲುಗಳು ಹಾಗೇ ಇದ್ದವು. ಒಂದು ಕಲ್ಲೂ ಅಲುಗಿರಲಿಲ್ಲ.